‘ಈ ಜನಾನೇ ಹೀಗೆ’ ಅನ್ನುವುದು ಅನುಭವವಾ, ಪೂರ್ವಗ್ರಹವಾ?

ಪ್ರಶ್ನೆ: ನನಗೆ 63 ವರ್ಷ. ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿ ಆಫೀಸರ್ ಆಗಿ ನಿವೃತ್ತನಾದೆ. ಹುಟ್ಟಿ ಬೆಳೆದಿದ್ದು ಚಾಮರಾಜಪೇಟೆ. ಹನ್ನೊಂದು ವರ್ಷದಿಂದ ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಈಗ ಸಂಘದ ಕಾರ್ಯದರ್ಶಿ. 64 ಮನೆಗಳಲ್ಲಿ 16ರಲ್ಲಿ ಉತ್ತರ ಭಾರತದವರಿದ್ದಾರೆ. ಮೂರನೇ ಮಹಡಿಯ ಹುಡುಗ ವಾರಕ್ಕೆ ಎರಡು ಸಲ ನನ್ನ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸುತ್ತಾನೆ. ಕೇಳಿದರೆ ‘ಸಾರಿ ಅಂಕಲ್’. ರಾತ್ರಿ ಒಂದು ಗಂಟೆವರೆಗೆ ಗಲಾಟೆ. ಕನ್ನಡ ಒಂದಕ್ಷರ ಬರಲ್ಲ. ‘ಈ ಜನಾನೇ ಹೀಗೆ’ ಎಂದರೆ ಮಗಳು ‘ಅಪ್ಪಾ, ಇದು ಪೂರ್ವಗ್ರಹ’ ಅನ್ನುತ್ತಾಳೆ. ಪಕ್ಕದ ಮನೆಯವರೂ ಒಮ್ಮೊಮ್ಮೆ ಗಾಡಿ ಅಡ್ಡ ನಿಲ್ಲಿಸುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪಾಪ, ಅವರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಾರೆ, ಆಸ್ಪತ್ರೆ ಓಡಾಟ. ಎರಡನೇ ಮಹಡಿಯ ಲಕ್ನೋ ಹುಡುಗಿ ಒಬ್ಬಳು ಒಳ್ಳೆಯವಳು, ಆಕೆ ಆ ಥರದವಳಲ್ಲ. ಇಷ್ಟು ವರ್ಷ ಕಣ್ಣಾರೆ ಕಂಡಿದ್ದು ಅನುಭವ ತಾನೇ? ಇನ್ನೊಂದು ವಿಷಯ. ಮುಂದಿನ ಸಭೆಯಲ್ಲಿ ‘ನಾರ್ತ್ ಬ್ಯಾಚುಲರ್‌ಗಳಿಗೆ ಮನೆ ಬಾಡಿಗೆಗೆ ಕೊಡಬಾರದು’ ಎಂಬ ನಿಯಮ ತರಬೇಕು ಅಂತ ಕೆಲವರು ಹಟ ಹಿಡಿದಿದ್ದಾರೆ. ನಾನು ಏನು ಮಾಡಲಿ?

ಉತ್ತರ: ಸರ್, ನಿಮ್ಮ ಪತ್ರದಲ್ಲಿ ಇಬ್ಬರು ತಪ್ಪಾಗಿ ಗಾಡಿ ನಿಲ್ಲಿಸಿದ್ದಾರೆ. ಒಬ್ಬರ ಹಿಂದೆ ಹಾಸಿಗೆ ಹಿಡಿದ ತಾಯಿ ಕಾಣಿಸಿದರು. ಇನ್ನೊಬ್ಬನ ಹಿಂದೆ ಇಡೀ ಉತ್ತರ ಭಾರತ ಕಾಣಿಸಿತು. ಆ ಹುಡುಗನ ಮನೆಯಲ್ಲಿ ಯಾರಿದ್ದಾರೆ, ಎಷ್ಟು ಗಂಟೆಗೆ ಕೆಲಸ ಮುಗಿಸಿ ಬರುತ್ತಾನೆ, ಬಂದಾಗ ಅವನ ಜಾಗದಲ್ಲಿ ಇನ್ನ್ಯಾರದಾದರೂ ಕಾರು ಇರುತ್ತದಾ, ಇದ್ಯಾವುದೂ ಪತ್ರದಲ್ಲಿ ಇಲ್ಲ. ನೀವು ಮುಚ್ಚಿಟ್ಟಿರಿ ಎಂದಲ್ಲ. ನಿಮಗೆ ಗೊತ್ತಿಲ್ಲ. ಪಕ್ಕದ ಮನೆಯ ತಾಯಿಯ ವಿಷಯ ನಿಮಗೆ ಗೊತ್ತು, ಏಕೆಂದರೆ ಅವರ ಜೊತೆ ನೀವು ಮಾತಾಡುತ್ತೀರಿ.

ನಾನು ಸಾಮಾಜಿಕ ಮನಃಶಾಸ್ತ್ರವನ್ನು ಸುಮಾರು ಮೂವತ್ತು ವರ್ಷ ಪಾಠ ಹೇಳಿದವಳು. ನಮ್ಮವರ ತಪ್ಪಿಗೆ ಪರಿಸ್ಥಿತಿ ಕಾರಣ, ಹೊರಗಿನವರ ತಪ್ಪಿಗೆ ಅವರ ಗುಣವೇ ಕಾರಣ ಅನ್ನುವ ಈ ಒಂದು ವಿಷಯಕ್ಕೆ ಬಂದಾಗ ಅಮೆರಿಕದ ಉದಾಹರಣೆ ಹುಡುಕಬೇಕಾದ ಕಷ್ಟವೇ ಇರಲಿಲ್ಲ. ಇದರ ಮೇಲಿನ ಮೊದಮೊದಲ ಅಧ್ಯಯನಗಳಲ್ಲಿ ಒಂದು ನಡೆದಿದ್ದು ನಮ್ಮ ದಕ್ಷಿಣ ಭಾರತದಲ್ಲೇ. ಅದರಲ್ಲಿ ಉತ್ತರ ಕೊಟ್ಟವರು ಯಾರು ಗೊತ್ತಾ? ಆಫೀಸಿನ ಕ್ಲರ್ಕುಗಳು. 1974ರಲ್ಲಿ ಡೊನಾಲ್ಡ್ ಟೇಲರ್ ಮತ್ತು ವೈಷ್ಣಾ ಜಗ್ಗಿ ಅದನ್ನು ಪ್ರಕಟಿಸಿದರು. ಹಿಂದೂ ಗುಮಾಸ್ತರಿಗೆ ಚಿಕ್ಕ ಚಿಕ್ಕ ಸನ್ನಿವೇಶಗಳನ್ನು ಕೊಟ್ಟರು. ಅಂಗಡಿಯವನು ಮೋಸ ಮಾಡಿದ, ಅಥವಾ ಧಾರಾಳವಾಗಿ ನಡೆದುಕೊಂಡ. ಮಳೆಯಲ್ಲಿ ನಿಂತಿದ್ದಾಗ ಮನೆಯವರು ಒಳಗೆ ಕರೆದರು, ಅಥವಾ ಕರೆಯಲಿಲ್ಲ. ಯಾಕೆ ಹಾಗೆ ಮಾಡಿರಬಹುದು, ನೀವೇ ಹೇಳಿ ಎಂದರು. ಆ ವ್ಯಕ್ತಿ ಹಿಂದೂ ಎಂದಾಗ ಒಳ್ಳೆಯ ಕೆಲಸಕ್ಕೆ ಕಾರಣ ಅವನ ಗುಣ, ಕೆಟ್ಟದ್ದಕ್ಕೆ ಕಾರಣ ಅವನ ಪರಿಸ್ಥಿತಿ ಎಂಬ ಉತ್ತರ ಜಾಸ್ತಿ ಬಂತು. ಅದೇ ವ್ಯಕ್ತಿ ಮುಸ್ಲಿಂ ಎಂದಾಗ ಲೆಕ್ಕ ತಿರುಗಿತು. ಕೆಟ್ಟದ್ದು ಗುಣದ ಖಾತೆಗೆ ಹೋಯಿತು.

ಅದು ಬರೀ ಮೂವತ್ತು ಜನರ ಅಧ್ಯಯನ. ಅಷ್ಟರ ಮೇಲೆ ಗೋಪುರ ಕಟ್ಟಬಾರದು. ಆದರೆ 1979ರಲ್ಲಿ ಥಾಮಸ್ ಪೆಟ್ಟಿಗ್ರೂ ಎಂಬ ವಿದ್ವಾಂಸರು ಇದೇ ಚಾಳಿಗೆ ಒಂದು ಹೆಸರು ಕೊಟ್ಟರು, ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆಗಳಾದವು. ಎಲ್ಲ ಕಡೆ ಒಂದೇ ಫಲಿತಾಂಶ ಬರಲಿಲ್ಲ ಎನ್ನುವುದೂ ಮುಖ್ಯ. 1985ರಲ್ಲಿ ಮಲೇಷ್ಯಾದಲ್ಲಿ ನೋಡಿದಾಗ ಮಲಯ್ ಜನ ತಮ್ಮವರ ಪರವಾಗಿ ಹೀಗೆ ವಾಲಿದರು, ಅಲ್ಲಿನ ಚೀನೀ ಮೂಲದವರು ವಾಲಲಿಲ್ಲ. ಅಂದರೆ ಯಾರ ಕೈ ಮೇಲಿದೆ, ಯಾರದ್ದು ಕೆಳಗಿದೆ ಎನ್ನುವುದೂ ಇದರಲ್ಲಿ ಸೇರಿಕೊಳ್ಳುತ್ತದೆ.

ಪೆಟ್ಟಿಗ್ರೂ ಇನ್ನೊಂದು ಮಾತು ಹೇಳಿದ್ದರು. ನಮ್ಮ ಅಭಿಪ್ರಾಯಕ್ಕೆ ಒಪ್ಪದ ಒಳ್ಳೆಯ ಮನುಷ್ಯ ಆ ಗುಂಪಿನಲ್ಲಿ ಸಿಕ್ಕರೆ ನಾವು ಅಭಿಪ್ರಾಯ ಬದಲಿಸುವುದಿಲ್ಲ. ಆ ಮನುಷ್ಯನನ್ನೇ ಗುಂಪಿನಿಂದ ಹೊರಗೆ ತೆಗೆದುಬಿಡುತ್ತೇವೆ. ‘ಆಕೆ ಆ ಥರದವಳಲ್ಲ.’ ಲಕ್ನೋ ಹುಡುಗಿಯ ಬಗ್ಗೆ ನೀವು ಬರೆದ ಸಾಲು ಇದೇ, ಅಲ್ವಾ? ಹೀಗೆ ಪ್ರತಿ ಒಳ್ಳೆಯವರನ್ನೂ ಅಪವಾದದ ಪಟ್ಟಿಗೆ ಹಾಕುತ್ತಾ ಹೋದರೆ ಕೊನೆಗೆ ಲೆಕ್ಕದಲ್ಲಿ ಉಳಿಯುವವರು ಗಾಡಿ ಅಡ್ಡ ನಿಲ್ಲಿಸುವವರು ಮಾತ್ರ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕಣ್ಣಾರೆ ಕಂಡಿದ್ದು ಅನುಭವ ಹೌದು. ತಕರಾರು ಇರುವುದು ಅದನ್ನು ಎಣಿಸುವ ರೀತಿಯಲ್ಲಿ.

1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಒಂದು ಸರಳ ಪ್ರಯೋಗ ಮಾಡಿದರು. ‘ಎ’ ಗುಂಪು, ‘ಬಿ’ ಗುಂಪು ಅಂತ ಎರಡು ಹೆಸರು. ಜಾತಿ, ಭಾಷೆ, ಊರು ಏನೂ ಇಲ್ಲ. ‘ಎ’ ಗುಂಪಿನವರು ಮಾಡಿದ 26 ಕೆಲಸಗಳನ್ನು ಓದಲು ಕೊಟ್ಟರು. 18 ಒಳ್ಳೆಯವು, 8 ಕೆಟ್ಟವು. ‘ಬಿ’ ಗುಂಪಿನದು ಅದರ ಅರ್ಧ, 13. ಒಳ್ಳೆಯವು 9, ಕೆಟ್ಟವು 4. ಬ್ಯಾಂಕಿನವರಿಗೆ ನಾನು ಹೇಳಬೇಕಾಗಿಲ್ಲ, ಎರಡರಲ್ಲೂ ಪ್ರಮಾಣ ಒಂದೇ. ಆದರೂ ಆಮೇಲೆ ಕೇಳಿದಾಗ ಓದಿದವರು ‘ಬಿ’ ಗುಂಪಿನವರ ಕೆಟ್ಟ ಕೆಲಸಗಳನ್ನು ಇದ್ದದ್ದಕ್ಕಿಂತ ಜಾಸ್ತಿ ಮಾಡಿ ಹೇಳಿದರು. ಅವರ ಬಗ್ಗೆ ಸ್ವಲ್ಪ ಕೀಳಾಗಿಯೂ ಅಂದುಕೊಂಡರು. ಕಾರಣ ಇಷ್ಟೇ. ಕಡಿಮೆ ಸಂಖ್ಯೆಯ ಜನ ಕಣ್ಣಿಗೆ ಹೊಡೆಯುತ್ತಾರೆ. ಕೆಟ್ಟ ಕೆಲಸವೂ ಕಣ್ಣಿಗೆ ಹೊಡೆಯುತ್ತದೆ. ಎರಡೂ ಒಟ್ಟಿಗೆ ಸಿಕ್ಕಿದರೆ ಮನಸ್ಸಿನಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಡುತ್ತದೆ. ದ್ವೇಷ ಇರಲೇಬೇಕು ಎಂದೇನೂ ಇಲ್ಲ. ನೆನಪಿನ ಸ್ವಭಾವ ಸಾಕು.

ನಿಮ್ಮಲ್ಲಿ 64ರಲ್ಲಿ 16. ಪ್ರಯೋಗದ ‘ಬಿ’ ಗುಂಪಿಗಿಂತಲೂ ಕಡಿಮೆ ಪ್ರಮಾಣ. ಹಾಗಾಗಿ ಒಂದು ಕೆಲಸ ಮಾಡಿ. ಕಾರ್ಯದರ್ಶಿ ಅಂದಮೇಲೆ ನಿಮ್ಮ ಹತ್ತಿರ ದೂರಿನ ಪುಸ್ತಕ ಇರುತ್ತದೆ, ಇಲ್ಲವೇ ವಾಟ್ಸಾಪ್ ಗುಂಪಿನಲ್ಲಿ ದೂರುಗಳು ಇರುತ್ತವೆ. ಎರಡು ವರ್ಷದ್ದು ತೆಗೆದು ಮನೆವಾರು ಎಣಿಸಿ. ಪಾರ್ಕಿಂಗ್, ಸದ್ದು, ಕಸ, ಮೇಂಟೆನೆನ್ಸ್ ಬಾಕಿ, ಎಲ್ಲವನ್ನೂ. ನೆನಪಿನಿಂದ ಬೇಡ, ಕಾಗದದಿಂದ.

ಎಣಿಸಿದ ಮೇಲೆ ನೀವು ಹೇಳಿದ್ದೇ ಸರಿ ಅಂತ ಬರಬಹುದು. 16 ಮನೆಗಳ ಪಾಲು ನಿಜಕ್ಕೂ ಜಾಸ್ತಿ ಇರಬಹುದು. ಆಗ ಇನ್ನೊಂದು ಗೆರೆ ಎಳೆಯಿರಿ. ಆ 16ರಲ್ಲಿ ಎಷ್ಟು ಮಂದಿ ಬಾಡಿಗೆಯವರು, ಎಷ್ಟು ಮಂದಿ ಓನರುಗಳು? ಎಷ್ಟು ಮನೆಯಲ್ಲಿ 30 ದಾಟದ ಹುಡುಗರು ಮೂರ್ನಾಲ್ಕು ಜನ ಸೇರಿ ಇದ್ದಾರೆ? ಆಮೇಲೆ ಕನ್ನಡದ ಹುಡುಗರು ಹಾಗೆಯೇ ಸೇರಿಕೊಂಡು ಇರುವ ಮನೆಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಬೆಂಗಳೂರಿಗೆ ಹೊರಗಿನಿಂದ ಬರುವವರಲ್ಲಿ ಕೆಲಸಕ್ಕಾಗಿ ಬರುವ ಚಿಕ್ಕ ವಯಸ್ಸಿನವರು ಬಹಳ. ರಾತ್ರಿ ಒಂದು ಗಂಟೆಯ ಗಲಾಟೆ ಉತ್ತರ ಭಾರತದ್ದೋ ಇಪ್ಪತ್ತೈದನೇ ವಯಸ್ಸಿನದ್ದೋ? ಹಾಸನದಿಂದ ಬಂದ ಹುಡುಗರು ಬಾಡಿಗೆ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ ಮಲಗುತ್ತಾರೆ ಎಂದು ನಾನಂತೂ ನಂಬುವುದಿಲ್ಲ. ನಮ್ಮ ಮನೆ ಮೇಲೇ ಇದ್ದರು.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. 2010ರ ಸುಮಾರಿಗೆ ನಾವಿದ್ದ ಕಟ್ಟಡಕ್ಕೆ ಇಬ್ಬರು ಸೆಕ್ಯುರಿಟಿ ಹುಡುಗರು ಬಂದರು. ಇಡೀ ಕಟ್ಟಡ ಇಬ್ಬರನ್ನೂ ‘ಬಹಾದ್ದೂರ್’ ಎಂದು ಕರೆಯಿತು. ನಾನೂ ಕರೆದೆ. ನೇಪಾಳದವರು ಎಂದುಕೊಂಡಿದ್ದೆ. ಒಬ್ಬನಿಗೆ ಕೊಡಬೇಕಾದ ದುಡ್ಡನ್ನು ಇನ್ನೊಬ್ಬನಿಗೆ ಕೊಟ್ಟಿದ್ದೂ ಉಂಟು. ಮುಖ ಗುರುತು ಸಿಗುತ್ತಿರಲಿಲ್ಲ. ಗುಂಪುಗಳ ಮನಃಶಾಸ್ತ್ರ ಪಾಠ ಹೇಳುವ ಹೆಂಗಸು ನಾನು! 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಸುದ್ದಿ ಮೊಬೈಲ್‌ಗಳಲ್ಲಿ ಹರಿದಾಡಿತು ನೋಡಿ, ನಿಮಗೂ ನೆನಪಿರಬಹುದು. ಸಾವಿರಾರು ಜನ ಗಂಟುಮೂಟೆ ಕಟ್ಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನ ಸಾಮೂಹಿಕ ಎಸ್ಸೆಮ್ಮೆಸ್‌ಗೆ ತಡೆ ಹಾಕಿತು. ಆ ವಾರ ನಮ್ಮ ಇಬ್ಬರು ಸೆಕ್ಯುರಿಟಿ ಹುಡುಗರಲ್ಲಿ ಒಬ್ಬ ಹೋಗುತ್ತೇನೆ ಎಂದು ಹೇಳಲು ಬಂದ. ಅವತ್ತೇ ನನಗೆ ಗೊತ್ತಾಗಿದ್ದು, ಅವನು ಅಸ್ಸಾಮಿನವನು. ಇನ್ನೊಬ್ಬ ಡಾರ್ಜಿಲಿಂಗ್ ಕಡೆಯವನು. ಎರಡು ವರ್ಷ ದಿನಕ್ಕೆ ಎರಡು ಸಲ ಅವರ ಮುಂದೆ ಓಡಾಡಿದ್ದೆ.

ಹೊರಗಿನ ಗುಂಪಿನವರು ‘ಎಲ್ಲರೂ ಒಂದೇ ಥರ’ ಕಾಣುವುದು, ನಮ್ಮವರು ಮಾತ್ರ ಬಗೆಬಗೆಯಾಗಿ ಕಾಣುವುದು, ಇದು ಬಹಳ ಕಡೆ ಕಂಡುಬಂದಿರುವ ಸಂಗತಿ. ಮುಖ ಗುರುತಿಸುವುದರಲ್ಲೂ ಹೀಗೇ. ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭ. ಒಬ್ಬರು ಬಾಯಿ ತೆರೆದರೆ ಸಾಕು, ಧಾರವಾಡವಾ, ಮಂಗಳೂರಾ, ಕುಂದಾಪುರವಾ, ಮಂಡ್ಯವಾ ಅಂತ ಹೇಳಿಬಿಡುತ್ತೀರಿ. ಅದೇ ನಾವು ದೆಹಲಿಗೆ ಹೋದರೆ? ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲವೂ ಸೇರಿ ‘ಮದ್ರಾಸಿ’. ಎಷ್ಟು ಮೈ ಉರಿಯುತ್ತದೆ! ಆದರೆ ನಾವು ಮಾಡುವುದೂ ಅದನ್ನೇ. ಭೋಜಪುರದವರು, ಮಾರವಾಡಿಗಳು, ಪಂಜಾಬಿಗಳು, ಒಡಿಶಾದವರು, ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಅರ್ಥವಾಗದವರು, ನಮಗೆ ಎಲ್ಲರೂ ‘ನಾರ್ತಿಗಳು’. ಒಡಿಶಾ ಯಾವ ಲೆಕ್ಕದಲ್ಲಿ ಉತ್ತರ ಅಂತ ಯಾರೂ ಕೇಳುವುದಿಲ್ಲ.

ನಿಮ್ಮ ಚಾಮರಾಜಪೇಟೆಯಲ್ಲೇ ನನ್ನ ಅಜ್ಜಿಯ ಮನೆ ಇತ್ತು. ಅವರ ಬಾಯಲ್ಲಿ ‘ದಂಡಿನವರು’ ಅಂದರೆ ಒಂದು ಬೇರೆಯೇ ಕುಲ. 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡು ಪ್ರದೇಶ (ಕಂಟೋನ್ಮೆಂಟ್) ಮತ್ತು ಹಳೆಯ ಪೇಟೆ, ಎರಡಕ್ಕೂ 1949ರವರೆಗೆ ಬೇರೆ ಬೇರೆ ಪುರಸಭೆ. ನಡುವೆ ಕಬ್ಬನ್ ಪಾರ್ಕ್. ‘ದಂಡಿನವರ ಹಾಗೆ ಕೂದಲು ಬಿಟ್ಕೊಂಡು ಓಡಾಡಬೇಡ’ ಎಂದು ನನ್ನ ಚಿಕ್ಕಮ್ಮನಿಗೆ ಬೈಯುತ್ತಿದ್ದರು. ಆ ದಂಡಿನವರು ಈಗ ಎಲ್ಲಿ ಹೋದರು? ಎಲ್ಲೂ ಹೋಗಿಲ್ಲ, ‘ಹಳೇ ಬೆಂಗಳೂರಿನವರು’ ಆಗಿದ್ದಾರೆ. ಈಗಿನ ನಮ್ಮ ‘ನಾವು’ ಒಳಗೆ ಸೇರಿಹೋಗಿದ್ದಾರೆ.

ಈ ‘ನಾವು’ ಕಟ್ಟಿಕೊಳ್ಳಲು ಎಷ್ಟು ಚಿಕ್ಕ ನೆಪ ಸಾಕು ಎಂದು ಅಳೆದವರು ಹೆನ್ರಿ ತಾಜ್‌ಫೆಲ್ ಎಂಬ ಮನಃಶಾಸ್ತ್ರಜ್ಞರು. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರ ಕೈಗೆ ಸೆರೆ ಸಿಕ್ಕರು. ಫ್ರೆಂಚ್ ಯಹೂದಿ ಎಂದು ಹೇಳಿಕೊಂಡರು. ಪೋಲೆಂಡಿನ ಯಹೂದಿ ಎಂದು ಗೊತ್ತಾಗಿದ್ದರೆ ಜೀವ ಹೋಗುತ್ತಿತ್ತು. ತಿರುಗಿ ಬಂದಾಗ ಮನೆಯವರು ಯಾರೂ ಉಳಿದಿರಲಿಲ್ಲ. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವರ್ಷದ ಶಾಲಾ ಹುಡುಗರ ಮೇಲೆ ಪ್ರಯೋಗ ಮಾಡಿದರು. ಫಲಿತಾಂಶ 1970–71ರಲ್ಲಿ ಹೊರಬಂತು. ಎರಡು ಚಿತ್ರಗಳಲ್ಲಿ ಯಾವುದು ಇಷ್ಟ ಎಂದು ಕೇಳಿ, ಅದರ ಮೇಲೆ ಗುಂಪು ಮಾಡಿದ್ದೇವೆ ಎಂದು ಹುಡುಗರಿಗೆ ಹೇಳಿದರು. ನಿಜದಲ್ಲಿ ಚೀಟಿ ಎತ್ತಿದ ಹಾಗೆ ಹಂಚಿದ್ದರು. ತನ್ನ ಗುಂಪಿನಲ್ಲಿ ಯಾರಿದ್ದಾರೆ ಎಂದೂ ಹುಡುಗರಿಗೆ ಗೊತ್ತಿಲ್ಲ. ಆಮೇಲೆ ಬೇರೆಯವರಿಗೆ ದುಡ್ಡು ಹಂಚಲು ಹೇಳಿದರು. ಹುಡುಗರು ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು. ಅದು ಹೋಗಲಿ. ನಮಗೆ ಎರಡು ಪೈಸೆ ಕಡಿಮೆ ಬಂದರೂ ಪರವಾಗಿಲ್ಲ, ಅವರಿಗಿಂತ ಜಾಸ್ತಿ ಇರಬೇಕು ಎಂಬ ಕಡೆಗೂ ವಾಲಿದರು. ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಕೂತವರಿಗೆ ಈ ಫಲಿತಾಂಶ ಹೊಸದಾಗಿ ಕಾಣಲಿಕ್ಕಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ‘ಇಲ್ಲಿ ಇದ್ದಮೇಲೆ ಕನ್ನಡ ಕಲಿಯಿರಿ’ ಎಂದು ಕೇಳುವುದು ಪೂರ್ವಗ್ರಹ ಅಲ್ಲ. ಅದು ನ್ಯಾಯವಾದ ಕೋರಿಕೆ. ಹತ್ತು ವರ್ಷ ಇದ್ದು ‘ಕನ್ನಡ್ ಗೊತ್ತಿಲ್ಲ’ ಎಂದಷ್ಟೇ ಕಲಿತವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ನಿಮ್ಮ ಮಗಳು ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದರೆ ಅಷ್ಟರಮಟ್ಟಿಗೆ ಆಕೆಯದು ತಪ್ಪು. ಆದರೆ ‘ಕಲಿಯಿರಿ’ ಎನ್ನುವುದು ಒಬ್ಬ ಮನುಷ್ಯನಿಗೆ ಹೇಳುವ ಮಾತು. ‘ಇವರು ಕಲಿಯೋದೇ ಇಲ್ಲ’ ಎನ್ನುವುದು ಇನ್ನೂ ಕೇಳದೇ ಇರುವ ಮನುಷ್ಯನ ಬಗ್ಗೆ ಕೊಟ್ಟ ತೀರ್ಪು. ಅವರ ಕಡೆಯಿಂದಲೂ ಇದೇ ನಡೆಯುತ್ತದೆ. ಮೆಜೆಸ್ಟಿಕ್‌ನಲ್ಲಿ ಒಬ್ಬ ಆಟೋದವನು ಮೀಟರ್ ಹಾಕದೆ ಜಗಳ ಆಡಿದರೆ ‘ಬೆಂಗಳೂರಿನವರೇ ಹೀಗೆ’ ಎಂದು ಅವರ ಗುಂಪಿನಲ್ಲಿ ಮೆಸೇಜ್ ಹೋಗಿರುತ್ತದೆ. ಅದರಲ್ಲಿ ನೀವೂ ಸೇರಿದ್ದೀರಿ, ನಾನೂ ಸೇರಿದ್ದೇನೆ.

ಮತ್ತೆ, ಇದೆಲ್ಲ ಬರೀ ಭಾಷೆಯ ವಿಷಯ ಎಂದುಕೊಳ್ಳಬೇಡಿ. ನಿಮ್ಮ ರಸ್ತೆಯಲ್ಲಿ ಎಲ್ಲಾದರೂ ಕಟ್ಟಡ ಏಳುತ್ತಿದ್ದರೆ ಪಕ್ಕದ ತಗಡಿನ ಶೆಡ್ಡುಗಳ ಹತ್ತಿರ ನಿಂತು ಕೇಳಿ. ರಾಯಚೂರು, ಕಲಬುರಗಿ, ಯಾದಗಿರಿ ಕಡೆಯ ಕನ್ನಡ ಕೇಳಿಸುತ್ತದೆ. ಅಚ್ಚ ಕನ್ನಡಿಗರು. ಆದರೂ ಅಪಾರ್ಟ್‌ಮೆಂಟಿನವರ ಬಾಯಲ್ಲಿ ಅವರು ‘ಆ ಶೆಡ್ಡಿನವರು’. ಸೂಸನ್ ಫಿಸ್ಕ್ ಮತ್ತು ಜೊತೆಗಾರರು 2002ರಲ್ಲಿ ಇದರ ಬಗ್ಗೆ ಒಂದು ಒಳ್ಳೆಯ ವಿವರಣೆ ಕೊಟ್ಟರು. ಯಾವುದೇ ಗುಂಪನ್ನು ಕಂಡರೂ ನಾವು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಇವರ ಮನಸ್ಸು ಒಳ್ಳೆಯದಾ? ಇವರಿಗೆ ಕೈಲಾಗುತ್ತದಾ? ಎರಡಕ್ಕೂ ಹೌದು ಅನ್ನುವುದು ಹೆಚ್ಚಾಗಿ ನಮ್ಮವರಿಗೆ. ವಯಸ್ಸಾದವರ ಬಗ್ಗೆ ‘ಒಳ್ಳೆಯವರು, ಆದರೆ ಕೈಲಾಗಲ್ಲ’ ಎನ್ನುತ್ತೇವೆ, ಅದರಲ್ಲಿ ಕನಿಕರ ಇದೆ. ದುಡ್ಡು ಮಾಡಿದ ಹೊರಗಿನವರ ಬಗ್ಗೆ ‘ಚುರುಕು, ಆದರೆ ನಂಬಬಾರದು’, ಅದರಲ್ಲಿ ಹೊಟ್ಟೆಕಿಚ್ಚು ಇದೆ. ಶೆಡ್ಡಿನವರಿಗೆ ಎರಡೂ ಇಲ್ಲ ಎಂದು ತೀರ್ಮಾನಿಸುತ್ತೇವೆ. ನಿಮ್ಮ ಪತ್ರದ ಸಿಟ್ಟು ಇದರಲ್ಲಿ ಯಾವ ಬಗೆಯದು, ನೀವೇ ನೋಡಿಕೊಳ್ಳಿ. ಆ ಹುಡುಗನ ಕಾರು ಯಾವುದು ಎಂದು ನೀವು ಬರೆದಿಲ್ಲ. ನನಗೆ ಸ್ವಲ್ಪ ಅನುಮಾನ.

ಸರಿ, ಇದಕ್ಕೆ ಮದ್ದೇನು? ‘ಸುಮ್ನೆ ಬೆರೆಯಿರಿ, ಪರಿಚಯ ಆದರೆ ಎಲ್ಲ ಸರಿಹೋಗುತ್ತೆ’ ಎನ್ನುವ ಉಪದೇಶ ನನಗೆ ಇಷ್ಟವಿಲ್ಲ. ಮನೆಗೆಲಸದ ಹೆಂಗಸನ್ನು ಇಪ್ಪತ್ತು ವರ್ಷ ದಿನಾ ನೋಡಿದ ಮನೆಗಳಲ್ಲೂ ಆಕೆಗೆ ಬೇರೆ ಲೋಟ ಇಟ್ಟಿರುವುದನ್ನು ನಾವಿಬ್ಬರೂ ಕಂಡಿದ್ದೇವೆ. ಗಾರ್ಡನ್ ಆಲ್ಪೋರ್ಟ್ ಎಂಬ ಮನಃಶಾಸ್ತ್ರಜ್ಞರು 1954ರಲ್ಲೇ ಹೇಳಿದ್ದರು. ಭೇಟಿ ಆದರೆ ಸಾಲದು. ಇಬ್ಬರೂ ಸಮಾನವಾಗಿ ನಿಂತಿರಬೇಕು, ಗುರಿ ಒಂದೇ ಆಗಿರಬೇಕು, ಜೊತೆಗೂಡಿ ಕೆಲಸ ಮಾಡಬೇಕು, ಮೇಲಿನವರ ಒಪ್ಪಿಗೆಯೂ ಇರಬೇಕು. ಮುಂದೆ 2006ರಲ್ಲಿ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆ ಆಗುತ್ತದೆ. ಪವಾಡವೇನೂ ಇಲ್ಲ, ಅಷ್ಟಿಷ್ಟು. ಆಲ್ಪೋರ್ಟ್ ಹೇಳಿದ ಷರತ್ತುಗಳಿದ್ದರೆ ಇನ್ನೂ ಜಾಸ್ತಿ.

ನನಗೆ ಇಷ್ಟವಾದ ಪುರಾವೆ ಕ್ರಿಕೆಟ್‌ನದು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಥ್ಯೂ ಲೋ ಎಂಬ ಅರ್ಥಶಾಸ್ತ್ರಜ್ಞರು 1,261 ಯುವಕರನ್ನು ಆರಿಸಿ, ಅವರಲ್ಲಿ ಹೆಚ್ಚಿನವರನ್ನು ಸೇರಿಸಿ ಕ್ರಿಕೆಟ್ ಲೀಗ್ ನಡೆಸಿದರು. 2021ರಲ್ಲಿ ಅದು ಪ್ರಕಟವಾಯಿತು. ಕೆಲವರಿಗೆ ಬೇರೆ ಜಾತಿಯವರು ಒಂದೇ ಟೀಮಿನಲ್ಲಿ ಸಿಕ್ಕರು, ಕೆಲವರಿಗೆ ಎದುರು ಟೀಮಿನಲ್ಲಿ. ಒಂದೇ ಟೀಮಿನಲ್ಲಿ ಆಡಿದವರಲ್ಲಿ ಜಾತಿ ದಾಟಿದ ಸ್ನೇಹ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಆ ಲಾಭ ಸಿಗಲಿಲ್ಲ. ಮೈದಾನ ಅದೇ, ಚೆಂಡು ಅದೇ. ಹಾಗಾಗಿ ನಿಮ್ಮ ಸಂಘ ರಾಜ್ಯೋತ್ಸವಕ್ಕೆ ‘ಸೌತ್ ವರ್ಸಸ್ ನಾರ್ತ್’ ಕ್ರಿಕೆಟ್ ಮ್ಯಾಚ್ ಇಡುವ ಯೋಚನೆಯಲ್ಲಿದ್ದರೆ ದಯವಿಟ್ಟು ಬೇಡ. ಬ್ಲಾಕ್‌ವಾರು ಟೀಮು ಮಾಡಿ.

2024ರ ಬೇಸಿಗೆ ನಿಮಗೆ ನೆನಪಿರಬೇಕು. ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕ್ಯೂ ನಿಂತು, ಕುಡಿಯುವ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಎಂದಿತ್ತು. ಆಗ ನಿಮ್ಮ ಕಟ್ಟಡದಲ್ಲಿ ಟ್ಯಾಂಕರ್ ಹಿಂದೆ ಓಡಾಡಿದವರು ಯಾರ್‍ಯಾರು? ಅವರ ಮಧ್ಯೆ ಈಗಲೂ ‘ನೀವು–ನಾವು’ ಅಷ್ಟೇ ಇದೆಯಾ? ಇದನ್ನು ಕೇಳಲು ಕಾರಣ ಇದೆ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಾಫರ್ ಶೆರಿಫ್ 22 ಹುಡುಗರನ್ನು ಕ್ಯಾಂಪಿಗೆ ಕರೆದುಕೊಂಡು ಹೋಗಿ ಎರಡು ಗುಂಪು ಮಾಡಿದ್ದರು. ಪಂದ್ಯಗಳು ಶುರುವಾದ ಮೇಲೆ ಹೊಡೆದಾಟದವರೆಗೂ ಹೋಯಿತು. ಒಟ್ಟಿಗೆ ಊಟ ಹಾಕಿಸಿದರೆ ತಟ್ಟೆಯಲ್ಲಿದ್ದದ್ದನ್ನು ಎರಚಿಕೊಂಡರು. ಕೊನೆಗೆ ಕೆಲಸಕ್ಕೆ ಬಂದಿದ್ದರಲ್ಲಿ ಒಂದು, ಕ್ಯಾಂಪಿನ ನೀರು ನಿಂತುಹೋಗಿದ್ದು. ನಿಲ್ಲಿಸಿದವರು ಸಂಶೋಧಕರೇ. ಎರಡೂ ಗುಂಪು ಸೇರಿ ಹುಡುಕಿ ಸರಿಮಾಡಬೇಕಾಯಿತು. ಆದರೆ ಒಂದೇ ಸಲಕ್ಕೆ ಜಗಳ ನಿಲ್ಲಲಿಲ್ಲ. ಅಂಥ ಕೆಲಸಗಳು ಮತ್ತೆ ಮತ್ತೆ ಬಂದ ಮೇಲೆ ಮೆತ್ತಗಾದರು.

ಹಾಗಾಗಿ ನಿಮ್ಮ ನೀರಿನ ಕಮಿಟಿಗೋ ಕಸದ ಕಮಿಟಿಗೋ ಆ 16 ಮನೆಗಳಿಂದ ಇಬ್ಬರನ್ನು ಸೇರಿಸಿಕೊಳ್ಳಿ. ಬಾಡಿಗೆಯವರಾದರೂ ಸರಿ. ಕನ್ನಡ ಕಲಿಸುವುದಕ್ಕೂ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಟ್ಯಾಂಕರಿನವನ ಜೊತೆ ಚೌಕಾಸಿ ಮಾಡಬೇಕಾದರೆ ತಾನಾಗಿ ಬರುತ್ತದೆ.

ಇನ್ನು ಆ ನಿಯಮ. ಕಾನೂನಿನಲ್ಲಿ ನಿಲ್ಲುತ್ತದೋ ಇಲ್ಲವೋ ವಕೀಲರನ್ನು ಕೇಳಿ. ನನ್ನ ಶಾಸ್ತ್ರದ ಪ್ರಕಾರ ಅದು ಕೆಟ್ಟ ನಿಯಮ, ಏಕೆಂದರೆ ಅದು ಗಲಾಟೆಯನ್ನು ನಿಲ್ಲಿಸುವುದಿಲ್ಲ, ಹಾಸನದ ಹುಡುಗರಿಗೆ ರಿಯಾಯಿತಿ ಕೊಡುತ್ತದೆ ಅಷ್ಟೇ. ನಿಯಮ ಜನರ ಮೇಲೆ ಬೇಡ, ಕೆಲಸದ ಮೇಲೆ ಇರಲಿ. ರಾತ್ರಿ ಹತ್ತರ ಮೇಲೆ ಸದ್ದಿಲ್ಲ. ಬೇರೆಯವರ ಜಾಗದಲ್ಲಿ ಗಾಡಿ ನಿಲ್ಲಿಸಿದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ದಂಡ. ಅದು ನಿಮ್ಮ ಪಕ್ಕದ ಮನೆಯವರಿಗೂ ಅನ್ವಯ ಆಗಬೇಕು. ಆಸ್ಪತ್ರೆಯ ತುರ್ತು ಇದ್ದರೆ ರಿಯಾಯಿತಿ ಅಂತ ಬೇಕಾದರೆ ಬರೆದುಕೊಳ್ಳಿ, ಆದರೆ ಅದು 64 ಮನೆಗೂ ಸಿಗಬೇಕು.

ಸಭೆಗೆ ಮುಂಚೆ ಇನ್ನೊಂದು ಕೆಲಸ ಇದೆ. ಮೂರನೇ ಮಹಡಿಯ ಆ ಮನೆಗೆ ಪಾರ್ಕಿಂಗ್ ಜಾಗ ಯಾವುದು ಅಂತ ನಿಮ್ಮ ರಿಜಿಸ್ಟರಿನಲ್ಲಿ ನೋಡಿ. ಹುಡುಗ ಬಾಡಿಗೆಯವನಾದರೆ ಅವನ ಓನರಿಗೆ ಫೋನ್ ಮಾಡಿ, ಆ ಜಾಗ ಇವನಿಗೆ ಕೊಟ್ಟಿದ್ದೀರಾ ಅಥವಾ ಬೇರೆ ಯಾರಿಗಾದರೂ ಬಾಡಿಗೆಗೆ ಬಿಟ್ಟಿದ್ದೀರಾ ಅಂತ ಕೇಳಿ.